ಹೂಂ ಕೇಳಿಸದಿದ್ದಾಗ

ಕಥೆ ಹೇಳುವ ಅಜ್ಜಿಯರದು ಒಂದು ಕರಾರಿತ್ತು: ಕೇಳುವ ಮಗು ಹೂಂಗುಡಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ದೀಪ ಆರಿಸಿದ ಕೋಣೆಯಲ್ಲಿ ಮಗುವಿನ ಮುಖ ಕಾಣದು. ಅಜ್ಜಿಗೆ ಸಿಗುವ ಸುಳಿವು ಆ ಹೂಂ ಒಂದೇ. ಅದು ಬರಲಿಲ್ಲವೆಂದರೆ ಮಗುವಿಗೆ ನಿದ್ದೆ ಹತ್ತಿರಬಹುದು. ರಾಕ್ಷಸ ಬಾಗಿಲು ತಟ್ಟಿದ ಕಡೆ ಹೆದರಿ ಹೂಂ ಎನ್ನುವುದನ್ನೇ ಮರೆತಿರಬಹುದು. ಮಗು ಹೂಂ ಅಂದದ್ದೇ ಅಜ್ಜಿಯ ಕಿವಿಗೆ ಬೀಳದೆ ಹೋಗಿರಬಹುದು. ಹೊರಗಿನಿಂದ ಮೂರೂ ಒಂದೇ ತರಹ, ಬರೀ ಮೌನ. ಮಾಡಬೇಕಾದ್ದು ಮಾತ್ರ ಬೇರೆ ಬೇರೆ: ಒಂದಕ್ಕೆ ಹೊದಿಕೆ ಹೊದಿಸಿ ಏಳಬೇಕು, ಇನ್ನೊಂದಕ್ಕೆ ತುಸು ಕಾಯಬೇಕು, ಮತ್ತೊಂದಕ್ಕೆ ಸುಮ್ಮನೆ ಕಥೆ ಮುಂದುವರಿಸಬೇಕು.

ಕಂಪ್ಯೂಟರ್ ಜಾಲಗಳು ನೆಚ್ಚಿರುವ, ಮಾಹಿತಿಯನ್ನು ತಪ್ಪಿಲ್ಲದೆ ತಲುಪಿಸುವ ವಿದ್ಯೆಗೆ ಈಗ ಮುಕ್ಕಾಲು ಶತಮಾನ ತುಂಬಿದೆ. ಅದರ ಚರಿತ್ರೆ ಓದಿದಷ್ಟೂ ನನಗೆ ಅನ್ನಿಸುವುದು ಇಷ್ಟು: ಕಳೆದುಹೋದದ್ದನ್ನು ಮತ್ತೆ ಕಳುಹಿಸುವುದು ಸುಲಭದ ಕೆಲಸ. ಕಳೆದುಹೋಗಿದೆಯೇ ಎಂದು ತಿಳಿಯುವುದೇ ಕಷ್ಟ. ಮೌನಂ ಸಮ್ಮತಿ ಲಕ್ಷಣಂ ಎಂದು ನಾವು ಮದುವೆ ಮಾತುಕತೆಯಲ್ಲಿ ಹೇಳಿಕೊಳ್ಳಬಹುದು. ತಂತಿಯ ಆ ತುದಿಯ ಮೌನಕ್ಕೆ ಯಾವ ಲಕ್ಷಣವೂ ಇಲ್ಲ. ಒಂದೊಂದು ತಲೆಮಾರಿನ ಎಂಜಿನಿಯರುಗಳೂ ಆ ಮೌನಕ್ಕೆ ಒಂದೊಂದು ಅರ್ಥ ಹಚ್ಚಿದರು. ತಪ್ಪು ಅರ್ಥ ಹಚ್ಚಿದಾಗಲೆಲ್ಲ ಜಾಲ ಕುಸಿಯಿತು.

ಮೌನಕ್ಕಿಂತ ಮೊದಲು ಸುಳ್ಳಿನ ವಿಚಾರ. ಸಂದೇಶ ದಾರಿಯಲ್ಲಿ ಕಳೆದುಹೋಗಬಹುದು, ಇಲ್ಲವೇ ಕೆಟ್ಟು ತಲುಪಬಹುದು. ಎರಡನೆಯದೇ ಹೆಚ್ಚು ಅಪಾಯ, ಯಾಕೆಂದರೆ ಕೆಟ್ಟ ಸಂದೇಶವೂ ಒಳ್ಳೆಯ ಸಂದೇಶದ ವೇಷದಲ್ಲೇ ಬರುತ್ತದೆ. ಇಂಥ ವೇಷವನ್ನು ಬಯಲು ಮಾಡುವ ಉಪಾಯ ನಮ್ಮ ಗ್ರಂಥಸಂಪಾದಕರಿಗೆ ಹೊಸದಲ್ಲ. ಕಂದಪದ್ಯದ ಒಂದನೆಯ ಮತ್ತು ಮೂರನೆಯ ಸಾಲಿಗೆ 12 ಮಾತ್ರೆ, ಎರಡನೆಯ ಮತ್ತು ನಾಲ್ಕನೆಯದಕ್ಕೆ 20, ಒಟ್ಟು 64. ಓಲೆಗರಿ ನಕಲು ಮಾಡುವಾಗ ಲಿಪಿಕಾರ ಒಂದು ಅಕ್ಷರ ನುಂಗಿದರೆ ಲೆಕ್ಕ ತಪ್ಪುತ್ತದೆ. ಅರ್ಥ ತಿಳಿಯುವ ಮೊದಲೇ ಇಲ್ಲೇನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಆದಿಪ್ರಾಸ ಇನ್ನೊಂದು ಕಾವಲು. ಕವಿ ಛಂದಸ್ಸನ್ನು ಕಟ್ಟಿಕೊಂಡದ್ದು ನಕಲುಗಾರನ ಮೇಲೆ ಕಣ್ಣಿಡಲು ಅಲ್ಲ ನಿಜ, ಆದರೆ ಸಾವಿರ ವರ್ಷ ಅದು ಆ ಕೆಲಸವನ್ನೂ ಮಾಡಿದೆ. ಅದರ ಮಿತಿಯೂ ಅಷ್ಟೇ ಸ್ಪಷ್ಟ. ಸರಿಸಮ ಮಾತ್ರೆಯ ಎರಡು ಪದಗಳು ಸಾಲಿನೊಳಗೆ ಜಾಗ ಬದಲಿಸಿಕೊಂಡರೆ ಲೆಕ್ಕ ಹಾಗೆಯೇ ಕೂಡುತ್ತದೆ, ತಪ್ಪು ತಪ್ಪಿಸಿಕೊಳ್ಳುತ್ತದೆ.

ಇಂಟರ್ನೆಟ್ಟಿನ ಬಹುಪಾಲು ಸಂಚಾರವನ್ನು ದಶಕಗಳ ಕಾಲ ಹೊತ್ತ ಟಿಸಿಪಿ ಎಂಬ ಪ್ರೋಟೊಕಾಲಿನ ಚೆಕ್‌ಸಮ್ಮಿಗೂ ಇರುವುದು ಇದೇ ದೌರ್ಬಲ್ಯ. ಸಂದೇಶವನ್ನು 16 ಬಿಟ್ಟುಗಳ ತುಂಡು ಮಾಡಿ ಕೂಡಿಸಿ, ಮೊತ್ತವನ್ನು ಜೊತೆಗೆ ಕಳುಹಿಸುವುದು ಅದರ ಕ್ರಮ. ಕೂಡುವ ಲೆಕ್ಕಕ್ಕೆ ಯಾವುದು ಮೊದಲು ಯಾವುದು ಆಮೇಲೆ ಎಂಬುದು ಗೊತ್ತಿಲ್ಲ, ಎರಡು ತುಂಡು ಅದಲುಬದಲಾದರೆ ಮೊತ್ತ ಅದೇ. ತಂತಿಯ ಮಟ್ಟದಲ್ಲಿ ಬಳಸುವ ಸಿಆರ್‌ಸಿ ಇದಕ್ಕಿಂತ ಜಾಣ. ಇಡೀ ಸಂದೇಶವನ್ನು ಒಂದು ದೊಡ್ಡ ಸಂಖ್ಯೆಯಂತೆ ಭಾವಿಸಿ, ಗೊತ್ತಾದ ಒಂದು ಭಾಜಕದಿಂದ ಭಾಗಿಸಿ, ಉಳಿದ ಶೇಷವನ್ನು ಬಾಲಕ್ಕೆ ಕಟ್ಟುತ್ತದೆ. ವೆಸ್ಲಿ ಪೀಟರ್ಸನ್ ಮತ್ತು ಬ್ರೌನ್ 1961ರಲ್ಲಿ ಇದನ್ನು ವಿವರಿಸಿದರು. ಈಥರ್ನೆಟ್ ಎಂಬ ತಂತಿಜಾಲದ 32 ಬಿಟ್ಟಿನ ಶೇಷವನ್ನು ದಾಟಿ ಯಾದೃಚ್ಛಿಕ ತಪ್ಪೊಂದು ನುಸುಳುವ ಸಂಭವ ಸುಮಾರು 430 ಕೋಟಿಗೆ ಒಂದು.

ತಪ್ಪು ಸಿಕ್ಕಿದ ಮೇಲೆ ಏನು ಮಾಡಬೇಕು? ಬಹುತೇಕ ಜಾಲಗಳು ಮಾಡುವುದು ಒಂದೇ: ಕೆಟ್ಟ ಪ್ಯಾಕೆಟ್ಟನ್ನು, ಅಂದರೆ ಸಂದೇಶದ ಆ ತುಣುಕನ್ನು, ಸದ್ದಿಲ್ಲದೆ ಎಸೆಯುತ್ತವೆ. ಇದು ಒರಟಾಗಿ ಕಂಡರೂ ವಿವೇಕದ ಕೆಲಸ. ಕೆಟ್ಟದ್ದರಲ್ಲಿ ಕಳುಹಿಸಿದವರ ವಿಳಾಸವೇ ಕೆಟ್ಟಿದ್ದರೆ ದೂರು ಹೇಳುವುದು ಯಾರಿಗೆ? ಹೀಗೆ ಸುಳ್ಳೆಲ್ಲ ಮೌನವಾಗಿ ಬದಲಾಗುತ್ತದೆ, ಮತ್ತೆ ಪ್ರಶ್ನೆ ಅಜ್ಜಿಯ ಕೋಣೆಗೇ ಬಂದು ನಿಲ್ಲುತ್ತದೆ.

ಅಜ್ಜಿಯ ಕ್ರಮವನ್ನು ಯಂತ್ರಕ್ಕೆ ಕಲಿಸುವುದು ಕಷ್ಟವಲ್ಲ. ಒಂದು ಪ್ಯಾಕೆಟ್ ಕಳುಹಿಸು, ಹೂಂ ಬರುವವರೆಗೆ ಕಾಯಿ, ಹೊತ್ತು ಮೀರಿದರೆ ಅದನ್ನೇ ಮತ್ತೆ ಕಳುಹಿಸು. ಆದರೆ ಪ್ಯಾಕೆಟ್ ತಲುಪಿ ಹೂಂ ಮಾತ್ರ ಕಳೆದಿದ್ದರೆ? ಎರಡನೆಯ ಪ್ರತಿಯನ್ನು ಆ ತುದಿ ಹೊಸ ಮಾತೆಂದೇ ತಿಳಿದುಬಿಡುತ್ತದೆ. ಒಂದು ಚೀಲ ಅಕ್ಕಿ ಕಳುಹಿಸಿ ಎಂದರೆ ಎರಡು ಚೀಲ ಬರುತ್ತದೆ. 1969ರಲ್ಲಿ ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಬಾರ್ಟ್ಲೆಟ್, ಸ್ಕ್ಯಾಂಟಲ್‌ಬರಿ ಮತ್ತು ವಿಲ್ಕಿನ್ಸನ್ ಇದಕ್ಕೆ ಒಂದೇ ಬಿಟ್ಟಿನ ಪರಿಹಾರ ತೋರಿಸಿದರು. ಪ್ಯಾಕೆಟ್ಟುಗಳಿಗೆ ಸೊನ್ನೆ, ಒಂದು, ಸೊನ್ನೆ, ಒಂದು ಎಂದು ಸರದಿಯ ಗುರುತು ಹಾಕು. ಸೊನ್ನೆಯ ಹಿಂದೆ ಮತ್ತೆ ಸೊನ್ನೆ ಬಂದರೆ ಅದು ಹಳೆಯದರ ನಕಲು. ಎಸೆದು, ಹೂಂ ಮಾತ್ರ ಮತ್ತೊಮ್ಮೆ ಹೇಳು. ಇಷ್ಟು ಚಿಕ್ಕ ಉಪಾಯ ಇಷ್ಟು ದೊಡ್ಡ ಗೊಂದಲ ಬಿಡಿಸಿದ್ದು ಈ ಕ್ಷೇತ್ರದಲ್ಲಿ ಬೇರೆ ಇಲ್ಲವೆಂದೇ ನನ್ನ ಎಣಿಕೆ.

ಸರಿ ಎನಿಸಿದರೂ ಇದು ನಿಧಾನ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಮಾತು ಹೋಗಿ ಹೂಂ ಮರಳಲು ಸುಮಾರು ಕಾಲು ಸೆಕೆಂಡು ಬೇಕು. ಒಂದು ಸಲಕ್ಕೆ 1,500 ಬೈಟುಗಳ ಒಂದೇ ಪ್ಯಾಕೆಟ್ ಎಂದರೆ ಸೆಕೆಂಡಿಗೆ ನಾಲ್ಕು ಪ್ಯಾಕೆಟ್, 6,000 ಬೈಟು. ಮಗನ ಘಟಿಕೋತ್ಸವದ 30 ಲಕ್ಷ ಬೈಟಿನ ಒಂದು ಫೋಟೊ ಬರಲು ಎಂಟು ನಿಮಿಷ ದಾಟುತ್ತದೆ, ನಡುವಿನ ತಂತಿ ಎಷ್ಟೇ ದಪ್ಪವಿರಲಿ. ಹಾಗಾಗಿ ಹೂಂಗೆ ಕಾಯದೆ ಹಲವು ಪ್ಯಾಕೆಟ್ಟುಗಳನ್ನು ಒಟ್ಟಿಗೆ ಹೊರಡಿಸುವ ‘ವಿಂಡೋ’ ಪದ್ಧತಿ ಬಂತು. ಆಗ ಬರೀ ಹೂಂ ಸಾಲದು, ಯಾವುದಕ್ಕೆ ಹೂಂ ಎಂದು ಹೇಳಬೇಕು. ಟಿಸಿಪಿ ಪ್ರತಿಯೊಂದು ಬೈಟಿಗೂ ಕ್ರಮಸಂಖ್ಯೆ ಕೊಟ್ಟು, ‘ಇಲ್ಲಿಯವರೆಗೆ ಕೇಳಿದ್ದೇನೆ, ಇನ್ನು ಇಂಥದ್ದರಿಂದ ಬೇಕು’ ಎಂಬ ಒಟ್ಟು ಹೂಂ ಹೇಳುತ್ತದೆ. ಮರುದಿನ ರಾತ್ರಿ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಅಜ್ಜಿ ಕೇಳಿದರೆ, ಗುಹೆಯೊಳಗೆ ರಾಜಕುಮಾರಿ ಹೋದಳಲ್ಲ, ಅಲ್ಲಿಗೆ ಎನ್ನುವ ಮಗುವಿನ ಉತ್ತರದಂತೆ. ನಡುವಿನ ಒಂದು ತುಂಡು ಮಾತ್ರ ಕಳೆದು ಉಳಿದದ್ದೆಲ್ಲ ಬಂದಿದ್ದರೆ ಈ ಒಟ್ಟು ಹೂಂ ಅದನ್ನು ಹೇಳಲಾರದು. ‘ಇದು ಬಿಟ್ಟು ಅದೆಲ್ಲ ಬಂದಿದೆ’ ಎಂದು ಬಿಡಿಸಿ ಹೇಳುವ ಸೌಕರ್ಯ ಟಿಸಿಪಿಗೆ ದಕ್ಕಿದ್ದು 1996ರಲ್ಲಿ.

ಮೋಡೆಮ್ಮಿನ ಕಾಲದಲ್ಲಿ ಕಡತಗಳನ್ನು ಸಾಗಿಸುತ್ತಿದ್ದ ಎಕ್ಸ್‌ಮೋಡೆಮ್, ಕರ್ಮಿಟ್, ಝಡ್‌ಮೋಡೆಮ್‌ಗಳ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. 1995ರ ಆಗಸ್ಟ್ 15ರಂದು ಇಂಟರ್ನೆಟ್ ನಮ್ಮ ದೇಶದ ಜನಸಾಮಾನ್ಯರಿಗೆ ತೆರೆದುಕೊಂಡ ಮೇಲಿನ ಕೆಲವು ವರ್ಷ, ಫೋನ್ ತಂತಿಯ ಆ ಕೀಚಲು ದನಿ ಕೇಳುತ್ತ ಕಾದವರಿಗೆ, ನೂರಕ್ಕೆ 98 ಇಳಿದಿದ್ದ ಕಡತ ಲೈನ್ ಕಟ್ಟಾಗಿ ಮೊದಲಿನಿಂದ ಶುರುವಾದ ಸಂಕಟ ನೆನಪಿದ್ದರೆ ಸಾಕು. ನಿಂತಲ್ಲಿಂದ ಮುಂದುವರಿಸುವುದು ಎಂಥ ವರ ಎಂದು ಅವರಿಗೆ ಹೇಳಿಕೊಡಬೇಕಿಲ್ಲ.

ಇನ್ನು ದೊಡ್ಡ ಜಗಳಕ್ಕೆ ಬರೋಣ. ತಪ್ಪಿಲ್ಲದೆ ತಲುಪಿಸುವ ಹೊಣೆ ಯಾರದು, ನಡುವಿನ ಜಾಲದ್ದೋ ಎರಡು ತುದಿಯಲ್ಲಿ ಕೂತ ಕಂಪ್ಯೂಟರುಗಳದ್ದೋ? ಟೆಲಿಫೋನ್ ಸಂಸ್ಥೆಗಳ ಮನೋಧರ್ಮ ಮೊದಲಿನದು. ಲೈನ್ ನಮ್ಮದು, ಸರಿಯಾಗಿ ತಲುಪಿಸುವುದೂ ನಮ್ಮ ಕರ್ತವ್ಯ. 1976ರ ಎಕ್ಸ್.25 ಮಾನದಂಡ ಹುಟ್ಟಿದ್ದು ಆ ನಂಬಿಕೆಯಿಂದ. 1969ರಲ್ಲಿ ಶುರುವಾದ ಅಮೆರಿಕದ ಅರ್ಪಾನೆಟ್ ಕೂಡ ಮೊದಲು ಹಾಗೆಯೇ ನಡೆಯಿತು. ನಡುವಿನ ಐಎಂಪಿ ಯಂತ್ರಗಳು ನೆಚ್ಚಿಗೆಯವು ಎಂದುಕೊಂಡು ತುದಿಯ ಕಂಪ್ಯೂಟರುಗಳು ತಪ್ಪು ತಿದ್ದುವ ಗೊಡವೆಗೇ ಹೋಗಲಿಲ್ಲ. ಫ್ರಾನ್ಸಿನಲ್ಲಿ ಲೂಯಿ ಪೂಝ್ಯಾಂ ಎಂಬಾತ ಸಿಕ್ಲಾಡ್ ಎಂಬ ಜಾಲ ಕಟ್ಟುತ್ತ ಇದನ್ನು ತಲೆಕೆಳಗು ಮಾಡಿದ. ಜಾಲ ಪ್ಯಾಕೆಟ್ಟುಗಳನ್ನು ಕೈಲಾದಷ್ಟು ತಲುಪಿಸಲಿ, ಕಳೆದರೆ ಕಳೆಯಲಿ. ಲೆಕ್ಕ ಇಡುವುದು ತುದಿಯವರ ಕೆಲಸ ಎಂದ. ರೇಡಿಯೊ, ಉಪಗ್ರಹ, ತಂತಿ ಹೀಗೆ ಒಂದಕ್ಕೊಂದು ಹೊಂದದ ಜಾಲಗಳನ್ನು ಬೆಸೆಯಲು ಹೊರಟಿದ್ದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್‌ರಿಗೆ ಇದೇ ಮಾತು ಹಿಡಿಸಿತು. 1974ರ ಅವರ ಪ್ರಬಂಧದಿಂದ ಹುಟ್ಟಿದ ಟಿಸಿಪಿ, 1983ರ ಜನವರಿ 1ರಂದು ಅರ್ಪಾನೆಟ್ಟಿನ ಅಧಿಕೃತ ಭಾಷೆಯಾಯಿತು.

ಈ ನಿಲುವಿಗೆ ಸಿದ್ಧಾಂತದ ಬಲ ಕೊಟ್ಟವರು ಎಂಐಟಿಯ ಸಾಲ್ಟ್ಸರ್, ರೀಡ್ ಮತ್ತು ಕ್ಲಾರ್ಕ್. 1984ರಲ್ಲಿ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧದಲ್ಲಿ ತಮ್ಮದೇ ಆವರಣದ ಒಂದು ಪ್ರಸಂಗವಿದೆ. ಅಲ್ಲಿನ ಜಾಲಗಳ ನಡುವಿನ ಪ್ರತಿ ಕೊಂಡಿಯಲ್ಲೂ ಚೆಕ್‌ಸಮ್ ಇತ್ತು, ಆದ್ದರಿಂದ ಎಲ್ಲರೂ ನಿಶ್ಚಿಂತೆಯಿಂದ ಇದ್ದರು. ನಡುವಿನ ಒಂದು ಗೇಟ್‌ವೇ ಕಂಪ್ಯೂಟರ್ ಮಾತ್ರ, ಬಂದ ಪ್ಯಾಕೆಟ್ಟನ್ನು ಒಂದು ಬಫರಿನಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಆಗೊಮ್ಮೆ ಈಗೊಮ್ಮೆ, ಸುಮಾರು ಹತ್ತು ಲಕ್ಷ ಬೈಟಿಗೆ ಒಂದು ಸಲ, ಎರಡು ಬೈಟುಗಳನ್ನು ಅದಲುಬದಲು ಮಾಡುತ್ತಿತ್ತು. ಒಳಬರುವ ತಂತಿಯ ಪರೀಕ್ಷೆ ಮುಗಿದಿದೆ, ಹೊರಹೋಗುವ ತಂತಿಯ ಪರೀಕ್ಷೆ ಇನ್ನೂ ಶುರುವಾಗಿಲ್ಲ. ತಪ್ಪು ನಡೆದದ್ದು ಸರಿಯಾಗಿ ಆ ಸಂದಿನಲ್ಲಿ. ಕೆಟ್ಟ ಪ್ಯಾಕೆಟ್ಟಿಗೆ ಹೊಸ ಚೆಕ್‌ಸಮ್ ಶಾಸ್ತ್ರೋಕ್ತವಾಗಿ ಅಂಟಿಕೊಂಡು ಮುಂದೆ ಹೋಗುತ್ತಿತ್ತು. ಒಂದು ಆಪರೇಟಿಂಗ್ ಸಿಸ್ಟಮ್ಮಿನ ಮೂಲ ಕಡತಗಳು ಅದರ ಮೂಲಕ ಎಷ್ಟೋ ಸಲ ಹಾದುಹೋದವು, ಹಲವು ಕೆಟ್ಟವು. ಕೊನೆಗೆ ಹಳೆಯ ಮುದ್ರಿತ ಪ್ರತಿಗಳನ್ನು ತೆರೆದಿಟ್ಟುಕೊಂಡು, ಸಾಲಿಗೆ ಸಾಲು ಹೋಲಿಸಿ, ಕೈಯಾರೆ ತಿದ್ದಬೇಕಾಯಿತು.

ದಾರಿಯುದ್ದಕ್ಕೂ ಎಷ್ಟೇ ಕಾವಲಿದ್ದರೂ ಕೊನೆಯ ಪರೀಕ್ಷೆಯನ್ನು ತುದಿಯವರೇ ಮಾಡಬೇಕು ಎಂದು ಆ ಮೂವರು ವಾದಿಸಿದರು. ನಡುವಿನ ಪರೀಕ್ಷೆಯಿಂದ ವೇಗ ಹೆಚ್ಚಬಹುದು, ಭರವಸೆ ಬಾರದು. 2000ದಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ನಿಜವಾದ ಇಂಟರ್ನೆಟ್ ಸಂಚಾರವನ್ನು ತಡಕಿ ನೋಡಿದಾಗ ಈ ಮಾತಿಗೆ ಅಂಕಿಗಳೂ ಸಿಕ್ಕವು. ಸಿಆರ್‌ಸಿಯ ಕಾವಲು ದಾಟಿ ಬಂದ ಪ್ಯಾಕೆಟ್ಟುಗಳಲ್ಲಿ, ಜಾಗದಿಂದ ಜಾಗಕ್ಕೆ ಬದಲಾಗುತ್ತ, 1,100ಕ್ಕೆ ಒಂದರಿಂದ 32,000ಕ್ಕೆ ಒಂದರವರೆಗೆ ಟಿಸಿಪಿಯ ಆ ಬಡ ಚೆಕ್‌ಸಮ್ಮಿಗೆ ಸಿಕ್ಕಿಬೀಳುತ್ತಿದ್ದವು. 430 ಕೋಟಿಗೆ ಒಂದು ಎಂಬ ಲೆಕ್ಕ ತಂತಿಯ ಮಟ್ಟಿಗೆ ನಿಜ. ತಪ್ಪುಗಳು ಹುಟ್ಟುತ್ತಿದ್ದದ್ದು ತಂತಿಯಲ್ಲಲ್ಲ; ರೂಟರುಗಳ ಮೆಮೊರಿಯಲ್ಲಿ, ಕಂಪ್ಯೂಟರಿನ ಒಳಗಿನ ಸಾಗಾಟದಲ್ಲಿ, ಬರೆದವರ ಕೈತಪ್ಪಿನಲ್ಲಿ.

ಮೆಮೊರಿಯಲ್ಲಿ ಬಿದ್ದುಹೋದ ಎರಡು ಬಿಟ್ಟು ಒಂದು ಇಡೀ ಜಾಲವನ್ನು ಮಲಗಿಸಿದ ದಿನ 1980ರ ಅಕ್ಟೋಬರ್ 27. ಅರ್ಪಾನೆಟ್ಟಿನ ಐಎಂಪಿಗಳು ತಮ್ಮ ತಮ್ಮ ಕೊಂಡಿಗಳ ಸ್ಥಿತಿಯನ್ನು ನೆರೆಯವರಿಗೆ ಆಗಾಗ ತಿಳಿಸುತ್ತಿದ್ದವು. ಹಳೆಯದು ಯಾವುದು ಹೊಸದು ಯಾವುದು ಎಂದು ತಿಳಿಯಲು ಆರು ಬಿಟ್ಟಿನ ಕ್ರಮಸಂಖ್ಯೆ, ಅಂದರೆ ಸೊನ್ನೆಯಿಂದ 63ರವರೆಗೆ ಹೋಗಿ ಮತ್ತೆ ಸೊನ್ನೆ. ಗಡಿಯಾರದ ಮುಳ್ಳಿನ ಹಾಗೆ ಸುತ್ತುವ ಸಂಖ್ಯೆಗಳಲ್ಲಿ ಹಿಂದೆ ಮುಂದೆ ಎಂಬುದು ಅರ್ಧ ಸುತ್ತಿನೊಳಗೆ ಮಾತ್ರ ಅರ್ಥವಾಗುತ್ತದೆ. ಒಂದು ಯಂತ್ರದ ಮೆಮೊರಿ ಬಿಟ್ಟುಗಳನ್ನು ಉದುರಿಸಿ, ಒಂದೇ ಸುದ್ದಿಯ ಮೂರು ಪ್ರತಿಗಳನ್ನು ಹೊರಬಿಟ್ಟಿತು: ಕ್ರಮಸಂಖ್ಯೆ 44, 40 ಮತ್ತು 8. ನಿಯಮದ ಪ್ರಕಾರ 40ಕ್ಕಿಂತ 44 ಹೊಸದು, 8ಕ್ಕಿಂತ 40 ಹೊಸದು, ಆದರೆ 44ಕ್ಕಿಂತ 8 ಹೊಸದು. ಮೂವರು ಅಣ್ಣತಮ್ಮಂದಿರಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಅಣ್ಣನಾದಂತೆ. ಯಂತ್ರಗಳು ಹಳೆಯದನ್ನು ಅಳಿಸಿ ಹೊಸದನ್ನು ಹಂಚುತ್ತ, ಹಂಚಿದ್ದನ್ನು ಮತ್ತೆ ಅಳಿಸುತ್ತ, ಬೇರೆ ಕೆಲಸಕ್ಕೆ ಬಿಡುವಿಲ್ಲದೆ ಸುತ್ತಿದವು. ಜಾಲ ಹಲವು ಗಂಟೆ ಸ್ತಬ್ಧ. ಒಂದೆರಡು ಯಂತ್ರ ನಿಲ್ಲಿಸಿ ಮತ್ತೆ ಹಚ್ಚಿದರೆ ಫಲವಿಲ್ಲ, ಪಕ್ಕದ ಯಂತ್ರ ಅದೇ ವಿಷ ಮತ್ತೆ ಉಣಿಸುತ್ತದೆ. ತಂತಿಯ ಮೇಲೆ ಸಿಆರ್‌ಸಿ ಇತ್ತು, ಮೆಮೊರಿಯೊಳಗಿನ ಸುದ್ದಿಗೆ ಕಾವಲಿರಲಿಲ್ಲ.

28 ವರ್ಷದ ಮೇಲೆ, 2008ರ ಜುಲೈ 20ರಂದು, ಅಮೆಜಾನಿನ ಎಸ್3 ಸಂಗ್ರಹ ಸೇವೆ ಹಲವು ಗಂಟೆ ನಿಂತಾಗ ಸಂಸ್ಥೆ ಕೊಟ್ಟ ವಿವರಣೆ ಓದಿ ಹಳಬರು ನಕ್ಕಿರಬೇಕು. ಸರ್ವರುಗಳು ತಮ್ಮೊಳಗೆ ಹಂಚಿಕೊಳ್ಳುವ ಸ್ಥಿತಿಯ ಸುದ್ದಿಯಲ್ಲಿ ಒಂದೇ ಒಂದು ಬಿಟ್ ಕೆಟ್ಟಿತ್ತು. ಗ್ರಾಹಕರ ಕಡತಗಳಿಗೆ ಚೆಕ್‌ಸಮ್ ಇತ್ತು. ಮನೆಯೊಳಗಿನ ಆಡುಮಾತಿಗೆ ಇರಲಿಲ್ಲ.

ಇವೆಲ್ಲ ಸುಳ್ಳಿನ ಅವಾಂತರ. ಮೌನವನ್ನು ತಪ್ಪಾಗಿ ಓದಿದ ಅತಿ ದೊಡ್ಡ ಪ್ರಸಂಗ 1986ರ ಅಕ್ಟೋಬರಿನದು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ದೂರ 400 ಗಜ. ಸೆಕೆಂಡಿಗೆ 32,000 ಬಿಟ್ ಹರಿಯುತ್ತಿದ್ದ ಆ ದಾರಿ 40 ಬಿಟ್ಟಿಗೆ ಇಳಿಯಿತು. ಸೆಕೆಂಡಿಗೆ ಐದು ಅಕ್ಷರ. ಕಾಗದದಲ್ಲಿ ಬರೆದು ನಡೆದುಕೊಂಡು ಹೋಗಿ ಕೊಟ್ಟುಬಂದಿದ್ದರೆ ಬೇಗ ಮುಗಿಯುತ್ತಿತ್ತು. ತಂತಿ ಕೆಟ್ಟಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ರೂಟರುಗಳ ಬಫರ್ ತುಂಬಿ ಪ್ಯಾಕೆಟ್ಟುಗಳು ಚೆಲ್ಲುತ್ತಿದ್ದವು. ಹೂಂ ಬಾರದ್ದನ್ನು ಕಂಡ ಕಂಪ್ಯೂಟರುಗಳು ಕಳೆದುಹೋಯಿತೆಂದು ಮತ್ತೆ ಕಳುಹಿಸುತ್ತಿದ್ದವು, ಬಫರ್ ಇನ್ನೂ ತುಂಬುತ್ತಿತ್ತು. ಸರದಿಯಲ್ಲಿ ತಡವಾಗಿ ನಿಂತಿದ್ದ ಮೂಲ ಪ್ಯಾಕೆಟ್ಟಿನ ಬೆನ್ನಿಗೆ ಅದರದೇ ನಾಲ್ಕು ನಕಲು. ಮದ್ದೇ ರೋಗವಾಗಿತ್ತು. ಜಾನ್ ನೇಗಲ್ 1984ರಲ್ಲೇ ಇಂಥ ಕುಸಿತದ ಎಚ್ಚರಿಕೆ ಕೊಟ್ಟಿದ್ದ.

ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದಲ್ಲಿ ಹಲವು ಎಳೆಗಳಿವೆ. ಎಲ್ಲದರ ಬುಡದಲ್ಲಿ ಇರುವುದು ಮೌನದ ಹೊಸ ಓದು: ತಂತಿಯಲ್ಲಿ ಪ್ಯಾಕೆಟ್ ಕೆಡುವುದು ಅಪರೂಪ, ಹಾಗಾಗಿ ಹೂಂ ಬರಲಿಲ್ಲವೆಂದರೆ ದಾರಿಯಲ್ಲಿ ದಟ್ಟಣೆಯಾಗಿದೆ ಎಂದೇ ತಿಳಿ, ದನಿ ಏರಿಸಬೇಡ, ತಗ್ಗಿಸು. ಒಂದು ಪ್ಯಾಕೆಟ್ ಜಾಲದಿಂದ ಹೊರಬಿದ್ದ ಮೇಲೆ ಇನ್ನೊಂದನ್ನು ಒಳಬಿಡು. ಎಲ್ಲ ಸರಿಯಿದ್ದರೆ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸು, ಪ್ಯಾಕೆಟ್ ಕಳೆದರೆ ಅರ್ಧಕ್ಕೆ ಇಳಿಸು. ಎಷ್ಟು ಹೊತ್ತು ಕಾಯಬೇಕೆಂಬುದಕ್ಕೂ ಅವನು ಸರಾಸರಿಯೊಂದನ್ನೇ ನೆಚ್ಚಲಿಲ್ಲ, ಏರುಪೇರನ್ನೂ ಅಳೆದ. ಇಂದಿನ ಸೂತ್ರದಲ್ಲಿ ಸರಾಸರಿಗೆ ಏರುಪೇರಿನ ನಾಲ್ಕು ಪಟ್ಟು ಕೂಡಿಸುತ್ತಾರೆ. ದಿನಾ ಹತ್ತು ನಿಮಿಷ ಆಚೀಚೆ ಬರುವ ಬಸ್ಸಿಗೂ ಒಮ್ಮೊಮ್ಮೆ ಒಂದು ಗಂಟೆ ತಡವಾಗುವ ಬಸ್ಸಿಗೂ ಒಂದೇ ಅಳತೆಯ ತಾಳ್ಮೆ ಸಾಲದು ಎಂಬುದು ನಿಲ್ದಾಣದಲ್ಲಿ ನಿಂತವರಿಗೆಲ್ಲ ಗೊತ್ತು.

ಇಲ್ಲೊಂದು ಸೂಕ್ಷ್ಮ ಸಿಕ್ಕಿತ್ತು. ಒಂದು ಪ್ಯಾಕೆಟ್ಟನ್ನು ಎರಡು ಸಲ ಕಳುಹಿಸಿದ ಮೇಲೆ ಒಂದು ಹೂಂ ಬಂದರೆ ಅದು ಯಾವುದರದು? ಮೊದಲನೆಯದರ ತಡವಾದ ಹೂಂ ಇರಬಹುದು, ಎರಡನೆಯದರ ಚುರುಕು ಹೂಂ ಇರಬಹುದು. ಹವ್ಯಾಸಿ ರೇಡಿಯೊದ ಮಿಣುಕು ಸಂಪರ್ಕಗಳಲ್ಲಿ ಒದ್ದಾಡಿದ ಅನುಭವವಿದ್ದ ಫಿಲ್ ಕಾರ್ನ್, ಪಾರ್ಟ್ರಿಜ್ ಜೊತೆ 1987ರಲ್ಲಿ ಹೇಳಿದ್ದು: ಅಂಥ ಹೂಂನಿಂದ ಕಾಲ ಅಳೆಯಲೇಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬಿಡುವ ಈ ಪ್ರಾಮಾಣಿಕತೆ ನನಗೆ ಬಹಳ ಮೆಚ್ಚು. ಈಗ ಗೂಗಲ್‌ನಲ್ಲಿ ಹುಟ್ಟಿ 2021ರಲ್ಲಿ ಮಾನದಂಡವಾದ ಕ್ವಿಕ್ ಎಂಬ ಪ್ರೋಟೊಕಾಲು, ಮತ್ತೆ ಕಳುಹಿಸುವಾಗ ಹೊಸ ಸಂಖ್ಯೆಯನ್ನೇ ಕೊಟ್ಟು ಆ ಸಂದಿಗ್ಧವನ್ನು ಬೇರುಸಹಿತ ಕಿತ್ತಿದೆ.

ಇಷ್ಟು ಹೊತ್ತು ಜಾಲ ಬಾಯಿ ಬಿಡುವುದಿಲ್ಲ, ತುದಿಯವರು ಊಹಿಸಬೇಕು ಎಂದುಕೊಂಡೆವು. ನಡುವಿನವನೇ ಒಂದು ಮಾತು ಹೇಳಿದರೆ? ಅದೇ 1988ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದ ಕೆ. ಕೆ. ರಾಮಕೃಷ್ಣನ್ ಮತ್ತು ರಾಜ್ ಜೈನ್, ರೂಟರಿನಲ್ಲಿ ಸರದಿ ಬೆಳೆಯುತ್ತಿದ್ದರೆ ಹಾದುಹೋಗುವ ಪ್ಯಾಕೆಟ್ಟಿನ ಮೇಲೆ ಒಂದು ಬಿಟ್ ಗುರುತು ಹಾಕಲಿ ಎಂದರು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಆ ವಿಚಾರ ಬೆಳೆದು, ರಾಮಕೃಷ್ಣನ್ ಅವರೂ ಒಬ್ಬ ಲೇಖಕರಾಗಿ, 2001ರಲ್ಲಿ ಇಂಟರ್ನೆಟ್ಟಿನ ಮಾನದಂಡವಾಯಿತು. ಪ್ಯಾಕೆಟ್ಟನ್ನು ಬೀಳಿಸಿ ಸೂಚನೆ ಕೊಡುವ ಬದಲು ತಲುಪಿಸಿಯೇ ಸೂಚನೆ ಕೊಡುವ ಈ ಸೌಜನ್ಯ ಬಳಕೆಗೆ ಬರಲು ಮಾತ್ರ ವರ್ಷಗಳೇ ಹಿಡಿದವು. ದಾರಿಯಲ್ಲಿನ ಎಷ್ಟೋ ಹಳೆಯ ಸಲಕರಣೆಗಳು ಆ ಗುರುತನ್ನು ಕಂಡು ಬೆದರಿ ಪ್ಯಾಕೆಟ್ಟನ್ನೇ ಎಸೆಯುತ್ತಿದ್ದವು.

ಜೇಕಬ್ಸನ್ನನ ಓದು ತಂತಿಗೆ ಸರಿಹೊಂದಿತು, ಗಾಳಿಗೆ ಹೊಂದಲಿಲ್ಲ. ನಿಸ್ತಂತು ಸಂಪರ್ಕದಲ್ಲಿ ಪ್ಯಾಕೆಟ್ ಕಳೆಯಲು ದಟ್ಟಣೆಯೇ ಬೇಕಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿದರೆ ಸಾಕು, ಘಾಟಿಯ ತಿರುವೊಂದು ಬಂದರೆ ಸಾಕು. ಟಿಸಿಪಿ ಅದನ್ನೂ ದಟ್ಟಣೆಯೆಂದೇ ಓದಿ, ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತುತ್ತದೆ. ಮ್ಯಾಥಿಸ್ ಮತ್ತು ಸಂಗಡಿಗರು 1997ರಲ್ಲಿ ಕೊಟ್ಟ ಸೂತ್ರ ಹಾಕಿ ನೋಡಿ. ಕಾಲು ಸೆಕೆಂಡಿನ ದಾರಿಯಲ್ಲಿ ನೂರಕ್ಕೆ ಒಂದು ಪ್ಯಾಕೆಟ್ ಕಳೆದರೆ ಹಳೆಯ ಟಿಸಿಪಿಯ ವೇಗ ಸೆಕೆಂಡಿಗೆ ಸುಮಾರು 6 ಲಕ್ಷ ಬಿಟ್ ಮೀರುವುದಿಲ್ಲ, ನೀವು ದುಡ್ಡು ಕೊಟ್ಟು ಎಷ್ಟೇ ದೊಡ್ಡ ಸಂಪರ್ಕ ತೆಗೆದುಕೊಂಡಿರಿ. ಬರ್ಕ್ಲಿಯಲ್ಲಿ ಹರಿ ಬಾಲಕೃಷ್ಣನ್ ಮತ್ತು ಸಂಗಡಿಗರು 1995ರಲ್ಲಿ ಟವರ್ ಬುಡದಲ್ಲೇ ಕದ್ದು ಕೇಳುತ್ತ, ಕಳೆದದ್ದನ್ನು ಅಲ್ಲಿಂದಲೇ ಮತ್ತೆ ಕಳುಹಿಸುವ ಉಪಾಯ ಮಾಡಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ 1998ರಲ್ಲಿ, ಪ್ಯಾಕೆಟ್ ಕಳೆಯುವ ಕೊಂಡಿಯ ಮೇಲೆ ಟಿಸಿಪಿಯ ಯಾವ ಆವೃತ್ತಿ ಎಷ್ಟು ತಾಳಿಕೊಳ್ಳುತ್ತದೆ ಎಂದು ಗಣಿತದಿಂದ ತೂಗಿದರು. ತುದಿಯವರೇ ಹೊಣೆ ಎಂಬ ಸಿದ್ಧಾಂತ ಇಲ್ಲಿ ಸ್ವಲ್ಪ ಬಾಗಿತು ಎನ್ನಬೇಕು. ಇವತ್ತಿನ ವೈಫೈ ಪ್ರತಿ ತುಣುಕಿಗೂ ತಕ್ಷಣ ಹೂಂ ಬೇಡುತ್ತದೆ, ಬಾರದಿದ್ದರೆ ಟಿಸಿಪಿಗೆ ಗೊತ್ತಾಗುವ ಮೊದಲೇ ಮತ್ತೆ ಕಳುಹಿಸುತ್ತದೆ.

ಮೊಬೈಲ್ ಜಾಲಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. 4ಜಿಯಲ್ಲಿ ಕೆಟ್ಟು ಬಂದ ಪ್ರತಿಯನ್ನು ಎಸೆಯುವುದಿಲ್ಲ. ಇಟ್ಟುಕೊಂಡು ಇನ್ನೊಂದು ಸಲ ಕಳುಹಿಸು ಎನ್ನುತ್ತದೆ, ಎರಡನೆಯದೂ ಕೆಟ್ಟಿದ್ದರೆ ಎರಡನ್ನೂ ಕೂಡಿಸಿ ಓದುತ್ತದೆ. ಹುಳ ತಿಂದ ಎರಡು ಓಲೆಪ್ರತಿಗಳನ್ನು ಪಕ್ಕಪಕ್ಕ ಇಟ್ಟು, ಇದರ ತೂತನ್ನು ಅದರಿಂದ ತುಂಬಿಸಿಕೊಳ್ಳುವ ಸಂಪಾದಕನ ಕೆಲಸವೇ ಇದು, ಸೆಕೆಂಡಿನ ಸಾವಿರ ಭಾಗಗಳಲ್ಲಿ ಎಣಿಸುವ ಹೊತ್ತಿನಲ್ಲಿ.

ಮತ್ತೆ ಕೇಳುವುದಕ್ಕೇ ಅವಕಾಶವಿಲ್ಲದಿದ್ದರೆ? 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ತನ್ನ ಗ್ರಹದ ಕಕ್ಷೆಗೆ ಇಳಿಯುತ್ತಿದ್ದಾಗ ಅದರ ದನಿ ಭೂಮಿಗೆ ಬರಲು 12 ನಿಮಿಷಕ್ಕೂ ಹೆಚ್ಚು ಬೇಕಿತ್ತು. ಇನ್ನೊಂದ್ಸಲ ಹೇಳು ಎಂದರೆ ಉತ್ತರಕ್ಕೆ ಅದರ ಎರಡರಷ್ಟು ಹೊತ್ತು. ಬ್ಯಾಲಾಳಿನ 32 ಮೀಟರ್ ಆಂಟೆನಾ ಬೋಗುಣಿ ಕಿವಿಗೊಟ್ಟು ಕೂತಿರಬಹುದು, ಕೈಹಿಡಿದು ನಡೆಸಲಾಗದು. ಆದ್ದರಿಂದಲೇ ಇಳಿಯುವ ಆಜ್ಞೆಗಳನ್ನೆಲ್ಲ ಮುಂಚಿತವಾಗಿ ಕಳುಹಿಸಿ ನೌಕೆಯ ಮಡಿಲಲ್ಲಿ ಇಟ್ಟಿದ್ದರು. ಇಂಥ ದೂರಕ್ಕೆ ಒದಗುವುದು ತಪ್ಪನ್ನು ಹಿಡಿಯುವುದಷ್ಟೇ ಅಲ್ಲದೆ ತಿದ್ದಿಕೊಳ್ಳುವ ಬುತ್ತಿಯನ್ನೂ ಸಂದೇಶದ ಜೊತೆಗೇ ಕಟ್ಟಿಕೊಡುವ ವಿದ್ಯೆ.

ಅದರ ಮೊದಲ ಹೆಜ್ಜೆ ಒಬ್ಬನ ಸಿಟ್ಟಿನಿಂದ ಹುಟ್ಟಿತು. ಬೆಲ್ ಲ್ಯಾಬ್ಸಿನ ರಿಚರ್ಡ್ ಹ್ಯಾಮಿಂಗ್‌ಗೆ 1947ರಲ್ಲಿ ರಿಲೇ ಕಂಪ್ಯೂಟರ್ ಸಿಗುತ್ತಿದ್ದದ್ದು ವಾರದ ಕೊನೆಯಲ್ಲಿ ಮಾತ್ರ. ಯಂತ್ರ ತಪ್ಪು ಕಂಡರೆ ಆ ಲೆಕ್ಕ ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಎರಡು ವಾರ ಸೋಮವಾರ ಬಂದು ನೋಡಿದರೆ ಏನೂ ಆಗಿಲ್ಲ. ತಪ್ಪಿದೆ ಎಂದು ಹೇಳಬಲ್ಲ ಯಂತ್ರ ಎಲ್ಲಿದೆ ಎಂದು ಯಾಕೆ ಹೇಳಬಾರದು ಎಂಬುದು ಅವನ ಪ್ರಶ್ನೆ. 1950ರ ಅವನ ಉತ್ತರದಲ್ಲಿ ನಾಲ್ಕು ಬಿಟ್ಟಿಗೆ ಮೂರು ಕಾವಲು ಬಿಟ್; ಏಳರಲ್ಲಿ ಯಾವ ಒಂದು ಕೆಟ್ಟರೂ ಆ ಮೂರೂ ಸೇರಿ ಅದರ ಜಾಗವನ್ನೇ ತೋರಿಸುತ್ತವೆ. ಅಷ್ಟರಲ್ಲಿ ಅಲ್ಲೇ ಇದ್ದ ಕ್ಲಾಡ್ ಶಾನನ್ 1948ರಲ್ಲಿ ತೋರಿಸಿದ್ದು ಇನ್ನೂ ಬೆರಗಿನದು. ಎಷ್ಟೇ ಗದ್ದಲದ ದಾರಿಗೂ ಒಂದು ಮಿತಿಯಿದೆ, ಆ ಮಿತಿಯೊಳಗೆ ಕಳುಹಿಸಿದರೆ ತಪ್ಪನ್ನು ಬೇಕಾದಷ್ಟು ಕಡಿಮೆ ಮಾಡಬಹುದು. ಹೇಗೆ ಎಂದು ಮಾತ್ರ ಅವನು ಹೇಳಲಿಲ್ಲ. ಹುಡುಕಲು ಅರ್ಧ ಶತಮಾನ ಬೇಕಾಯಿತು. ರೀಡ್ ಮತ್ತು ಸಾಲೊಮನ್‌ರ 1960ರ ಸಂಕೇತ 1986ರಲ್ಲಿ ಯುರೇನಸ್ಸಿನಿಂದ ವಾಯೇಜರ್-2ರ ಚಿತ್ರಗಳನ್ನು ತಂದಿತು. ರಾಬರ್ಟ್ ಗ್ಯಾಲಗರ್ 60ರ ದಶಕದ ಆರಂಭದಲ್ಲೇ ಕಂಡುಕೊಂಡಿದ್ದ ಸಂಕೇತವನ್ನು ಅಂದಿನ ಯಂತ್ರಗಳು ಹೊರಲಾರದೆ 30 ವರ್ಷ ಮೂಲೆಗೆ ತಳ್ಳಿದ್ದರು. ಇಂದು 5ಜಿ ಫೋನಿನ ಮಾಹಿತಿಯೆಲ್ಲ ಬರುವುದು ಅದರ ಮೇಲೆ. ರೀಡ್-ಸಾಲೊಮನ್ ಕೂಡ ನಮ್ಮ ಬೀದಿಯಲ್ಲೇ ಇದೆ. ಇಡ್ಲಿ ಅಂಗಡಿಯ ಗಲ್ಲೆಯ ಮೇಲೆ ಅಂಟಿಸಿದ ಕ್ಯುಆರ್ ಚೀಟಿಗೆ ಎಣ್ಣೆ ಹತ್ತಿ, ಮೂಲೆ ಸವೆದು ಹೋದರೂ ಫೋನು ಅದನ್ನು ಓದುವುದು ಅದರ ಪುಣ್ಯದಿಂದ.

ಆ ಚೀಟಿಯಿಂದಲೇ ಕೊನೆಯ ತೊಡಕು ಶುರು. ಹೋದ ವರ್ಷ ನಮ್ಮ ಬೀದಿಯ ಎಳನೀರು ಗಾಡಿಯಲ್ಲಿ ಕ್ಯುಆರ್ ತೋರಿಸಿ 50 ರೂಪಾಯಿ ಕಳುಹಿಸಿದೆ. ಫೋನಿನಲ್ಲಿ ಚಕ್ರ ತಿರುಗುತ್ತಲೇ ಇತ್ತು, ಅಷ್ಟರಲ್ಲಿ ದುಡ್ಡು ಕಡಿತವಾಯಿತೆಂಬ ಎಸ್ಸೆಮ್ಮೆಸ್ ಬಂತು.

“ಸಾರ್, ಸೌಂಡ್ ಬರ್ಲಿಲ್ಲ,” ಎಂದರು ಗಾಡಿಯವರು.

“ನನ್ ಅಕೌಂಟಲ್ಲಿ ಕಟ್ಟಾಗಿದೆ, ನೋಡಿ.”

“ನಿಮ್ದು ಸರಿ ಸಾರ್. ನನ್ ಬಾಕ್ಸ್ ಹೇಳ್ಬೇಕಲ್ಲ.”

ಸಾಲ್ಟ್ಸರ್ ಮತ್ತು ಗೆಳೆಯರು ಹೇಳಿದ್ದೂ ಅದನ್ನೇ. ಸಂದೇಶ ತಲುಪಿತು ಎಂಬ ಹೂಂ ಯಾರಿಗೆ ಬೇಕು? ಕೆಲಸ ಆಯಿತು ಎಂಬ ಹೂಂ ಬೇಕು, ಅದೂ ಆ ತುದಿಯಲ್ಲಿ ಕೆಲಸ ಮಾಡಿದವರ ಬಾಯಿಂದಲೇ ಬರಬೇಕು. ಎಳನೀರಿನವರ ಸೌಂಡ್ ಬಾಕ್ಸ್ ಆ ಹೂಂ.

ಇಬ್ಬರಿಗೂ ಏಕಕಾಲಕ್ಕೆ ಖಾತ್ರಿ ಮಾಡಿಕೊಡುವ ಪ್ರೋಟೊಕಾಲ್ ಇದೆಯೇ? ಇಲ್ಲ, ಇರಲಾರದು. ಯಾಕೆಂದು ತೋರಿಸುವ ಒಗಟೊಂದಿದೆ. ಎರಡು ಗುಡ್ಡಗಳ ಮೇಲೆ ಬೀಡುಬಿಟ್ಟ ಎರಡು ದಂಡುಗಳು ನಡುವಿನ ಕಣಿವೆಯ ಶತ್ರುವಿನ ಮೇಲೆ ಒಟ್ಟಿಗೆ ಬೀಳಬೇಕು, ದೂತನೋ ಕಣಿವೆಯಲ್ಲಿ ಸಿಕ್ಕಿಬೀಳಬಹುದು. ನಾಳೆ ಬೆಳಿಗ್ಗೆ ಎಂದು ಹೇಳಿ ಕಳುಹಿಸಿದವನಿಗೆ ಒಪ್ಪಿಗೆಯ ಹೂಂ ಬೇಕು, ಹೂಂ ಕಳುಹಿಸಿದವನಿಗೆ ಅದು ತಲುಪಿತೆಂಬ ಹೂಂ ಬೇಕು. 1975ರಲ್ಲಿ ಅಕ್ಕೊಯುನ್ಲು, ಏಕನಾಥಂ ಮತ್ತು ಹ್ಯೂಬರ್ ಇದನ್ನು ಎತ್ತಿದರು, ಜಿಮ್ ಗ್ರೇ ಆಮೇಲೆ ಇದಕ್ಕೆ ಇಬ್ಬರು ಸೇನಾಪತಿಗಳ ಸಮಸ್ಯೆ ಎಂದು ಹೆಸರಿಟ್ಟ. ಸಾಧನೆ ಸರಳ: ಕೆಲಸ ಸಾಧಿಸುವ ಅತಿ ಚಿಕ್ಕ ಮಾತುಕತೆಯೊಂದು ಇದೆ ಎನ್ನಿ, ಅದರ ಕೊನೆಯ ದೂತ ಸಿಕ್ಕಿಬಿದ್ದರೂ ಕೆಲಸ ಕೆಡಬಾರದು, ಹಾಗಾದರೆ ಅವನು ಬೇಕೇ ಇರಲಿಲ್ಲ, ಮಾತುಕತೆ ಅತಿ ಚಿಕ್ಕದಾಗಿರಲಿಲ್ಲ.

ಆಗದೆಂದು ಗೊತ್ತಿದ್ದೂ ವ್ಯವಹಾರ ನಡೆಯಬೇಕಲ್ಲ. ಅದಕ್ಕೆ ಕಂಡುಕೊಂಡ ದಾರಿ 1969ರ ಆ ಒಂದು ಬಿಟ್ಟಿನ ಹಿಗ್ಗಿದ ರೂಪ. ಪ್ರತಿ ಪಾವತಿಗೂ ಬೇರೆಲ್ಲೂ ಇಲ್ಲದ ಒಂದು ಸಂಖ್ಯೆ. ಅದೇ ಸಂಖ್ಯೆ ಹತ್ತು ಸಲ ಬಂದರೂ ದುಡ್ಡು ಹೋಗುವುದು ಒಂದೇ ಸಲ. ಹೀಗಾಗಿ ಯಂತ್ರಗಳು ತಮ್ಮೊಳಗೆ ಎಷ್ಟು ಸಲ ಬೇಕಾದರೂ ಕೇಳಿಕೊಳ್ಳಬಹುದು. ಸಿಕ್ಕಿಕೊಳ್ಳುವುದು ನಾವು. ತಾಳ್ಮೆಗೆಟ್ಟು ಇನ್ನೊಂದು ಸಲ ಒತ್ತಿದರೆ ಹುಟ್ಟುವುದು ಹೊಸ ಸಂಖ್ಯೆ, ಹೊಸ ಪಾವತಿ. ಅದಕ್ಕೇ ಪಾವತಿ ಬಾಕಿಯಿದೆ, ಮತ್ತೆ ಪ್ರಯತ್ನಿಸಬೇಡಿ ಎಂದು ಪರದೆ ಗೋಗರೆಯುವುದು.

ಕೊನೆಗೆ ಟೈಮರನ್ನು ಕಾನೂನು ಕೈಗೆ ತೆಗೆದುಕೊಂಡಿತು. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐನಲ್ಲಿ ದುಡ್ಡು ಕಡಿತವಾಗಿ ವ್ಯಾಪಾರಿಗೆ ಖಚಿತ ಸೂಚನೆ ಸಿಗದಿದ್ದರೆ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಅದು ತಾನಾಗಿ ಮರಳಬೇಕು. ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿ ದಂಡ. ನನ್ನ 50 ಮೂರನೆಯ ದಿನ ವಾಪಸು ಬಂತು. ಎಳನೀರಿನವರಿಗೆ ಅವತ್ತೇ ಜೇಬಿನಿಂದ ನೋಟು ತೆಗೆದು ಕೊಟ್ಟಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ, “ಹೂಂ” ಎಂದಿದ್ದರು.